ಬ್ಯಾರೆಲ್‌ನಲ್ಲಿ ಇಳಿದದ್ದು ಡಬ್ಬಿಗೆ ಬರುವಷ್ಟರಲ್ಲಿ

2014ರ ಜೂನ್‌ನಲ್ಲಿ ಬ್ರೆಂಟ್ ಕಚ್ಚಾ ತೈಲ ಬ್ಯಾರೆಲ್‌ಗೆ 110 ಡಾಲರ್ ದಾಟಿತ್ತು. 2016ರ ಜನವರಿಯಲ್ಲಿ ಅದೇ ತೈಲ 30 ಡಾಲರ್‌ಗಿಂತ ಕೆಳಕ್ಕೆ ಬಂತು. ಒಂದೂವರೆ ವರ್ಷದಲ್ಲಿ ಹೆಚ್ಚುಕಡಿಮೆ ಮುಕ್ಕಾಲು ಪಾಲು ಬೆಲೆ ಕರಗಿಹೋಯಿತು. ಆ ದಿನಗಳಲ್ಲಿ ಬೈಕ್ ಸರ್ವಿಸ್‌ಗೆ ಬಿಟ್ಟವರಲ್ಲಿ ಇಂಜಿನ್ ಆಯಿಲ್ ಅಗ್ಗವಾಗಿದೆ ಎಂದು ಸಂತೋಷಪಟ್ಟವರು ಯಾರೂ ನನಗೆ ಸಿಕ್ಕಿಲ್ಲ. ಈಗಲೂ ಕಚ್ಚಾ ತೈಲ ಇಳಿದ ಸುದ್ದಿ ಬಂದಾಗಲೆಲ್ಲ ಗ್ಯಾರೇಜುಗಳಲ್ಲಿ ಅದೇ ಮಾತು ಕೇಳುತ್ತದೆ: “ಅಣ್ಣಾ, ಕ್ರೂಡ್ ರೇಟ್ ಇಷ್ಟು ಬಿದ್ದಿದೆ, ಆಯಿಲ್ ರೇಟ್ ಯಾಕೆ ಇಳಿದಿಲ್ಲ?” “ಡಬ್ಬಿ ಮೇಲೆ ಇರೋದೇ ಅಷ್ಟು ಸರ್.” ಮಾತು ಅಲ್ಲಿಗೇ ನಿಲ್ಲುತ್ತದೆ.

ಪ್ರಶ್ನೆ ನ್ಯಾಯವಾದದ್ದು. ದಿನಕ್ಕೆ ನೂರು ಕಿಲೋಮೀಟರ್ ಸುತ್ತುವ ಡೆಲಿವರಿ ಹುಡುಗನಿಗೆ, ಆಟೊ ಓಡಿಸುವವರಿಗೆ ಆಯಿಲ್ ಬದಲಿಸುವುದು ಹೆಚ್ಚುಕಡಿಮೆ ತಿಂಗಳ ಖರ್ಚು. ಅವರಿಗೆ ಸಿಗಬೇಕಾದ ಉತ್ತರ ಡಬ್ಬಿಯ ಮೇಲೆ ಬರೆದಿರುವುದಿಲ್ಲ.

ಮೊದಲಿಗೆ ಪೆಟ್ರೋಲ್‌ನ ಲೆಕ್ಕವನ್ನೂ ಇಂಜಿನ್ ಆಯಿಲ್‌ನ ಲೆಕ್ಕವನ್ನೂ ಬೇರೆ ಮಾಡಿಕೊಳ್ಳಬೇಕು. ಪೆಟ್ರೋಲ್, ಡೀಸೆಲ್ ಜಿಎಸ್‌ಟಿಯ ಹೊರಗಿವೆ. ಕಚ್ಚಾ ತೈಲ ಇಳಿದಾಗ ಸರ್ಕಾರಗಳು ತೆರಿಗೆ ಏರಿಸಿ ಆ ಉಳಿತಾಯವನ್ನು ತಮ್ಮ ಕಡೆ ಎಳೆದುಕೊಳ್ಳಲು ಅಲ್ಲಿ ದಾರಿ ಇದೆ. 2014ರ ನವೆಂಬರ್‌ನಿಂದ 2016ರ ಜನವರಿಯೊಳಗೆ ಕೇಂದ್ರ ಅಬಕಾರಿ ಸುಂಕ ಒಂಬತ್ತು ಸಲ ಏರಿತು. 2020ರ ಮೇ ತಿಂಗಳಲ್ಲಿ ಒಂದೇ ಏಟಿಗೆ ಪೆಟ್ರೋಲ್‌ಗೆ 10 ರೂಪಾಯಿ, ಡೀಸೆಲ್‌ಗೆ 13 ರೂಪಾಯಿ ಹೆಚ್ಚಾಯಿತು. ಇಂಜಿನ್ ಆಯಿಲ್ ಕಥೆ ಹಾಗಲ್ಲ. ಅದಕ್ಕಿರುವುದು ಶೇ 18ರ ಜಿಎಸ್‌ಟಿ, ಅದೂ ಬೆಲೆಯ ಮೇಲೆ ಶೇಕಡಾವಾರು. ಬೆಲೆ ಇಳಿದರೆ ತೆರಿಗೆಯೂ ತಾನಾಗಿ ಇಳಿಯುತ್ತದೆ. ಹಾಗಾಗಿ ಇಲ್ಲಿ ಸರ್ಕಾರವನ್ನು ದೂರಿ ಪ್ರಯೋಜನವಿಲ್ಲ, ಕಾರಣ ಬೇರೆ ಕಡೆ ಇದೆ.

ಒಂದು ಬ್ಯಾರೆಲ್ ಎಂದರೆ 159 ಲೀಟರ್. 2014ರ ಜೂನ್‌ನಲ್ಲಿ ಡಾಲರ್‌ಗೆ ಸುಮಾರು 60 ರೂಪಾಯಿ ಇತ್ತು; ಬ್ಯಾರೆಲ್‌ಗೆ 112 ಡಾಲರ್ ಎಂದು ಹಿಡಿದರೆ ಲೀಟರ್ ಕಚ್ಚಾ ತೈಲಕ್ಕೆ 42 ರೂಪಾಯಿ. 2016ರ ಜನವರಿಯಲ್ಲಿ ಡಾಲರ್ 67 ರೂಪಾಯಿ ದಾಟಿತ್ತು. 31 ಡಾಲರ್ ಎಂದು ಹಿಡಿದರೆ ಲೀಟರ್‌ಗೆ 13 ರೂಪಾಯಿ. ಅಂದರೆ ಜಗತ್ತೇ ಬೆಚ್ಚಿಬಿದ್ದ ಆ ಕುಸಿತ ರೂಪಾಯಿ ಲೆಕ್ಕದಲ್ಲಿ ಲೀಟರ್‌ಗೆ 29 ರೂಪಾಯಿ. ಒಂದು ಲೀಟರ್ ಇಂಜಿನ್ ಆಯಿಲ್‌ಗೆ ಒಂದು ಲೀಟರ್ ಕಚ್ಚಾ ತೈಲ ಎಂದು ಒರಟಾಗಿ ಲೆಕ್ಕ ಹಾಕಿದರೂ, ಪೂರ್ತಿ ಉಳಿತಾಯ ಗ್ರಾಹಕನ ಕೈಗೆ ಬಂದಿದ್ದರೂ, ಇಳಿಯಬಹುದಾಗಿದ್ದದ್ದು ಅಷ್ಟೇ, ಜೊತೆಗೆ ಅದರ ಮೇಲಿನ ತೆರಿಗೆ. ಈಗ ಸಾಮಾನ್ಯವಾಗಿ ಕಾಣುವ ಹತ್ತು ಡಾಲರ್ ಇಳಿಕೆಯನ್ನು ತೆಗೆದುಕೊಳ್ಳಿ. ಡಾಲರ್‌ಗೆ 85 ರೂಪಾಯಿ ಎಂದರೆ ಲೀಟರ್‌ಗೆ ಐದು ರೂಪಾಯಿ ಚಿಲ್ಲರೆ. 400 ರೂಪಾಯಿಯ ಡಬ್ಬಿಯಲ್ಲಿ ಅದು ಶೇ 1ಕ್ಕಿಂತ ಸ್ವಲ್ಪ ಹೆಚ್ಚು. ರೂಪಾಯಿ ಅದೇ ಹೊತ್ತಿಗೆ ಕುಸಿದಿದ್ದರೆ ಅದರಲ್ಲೂ ಒಂದಿಷ್ಟು ಹೋಯಿತು.

ಹಾಗಾದರೆ ಉಳಿದ ದುಡ್ಡು ಯಾವುದಕ್ಕೆ? ಡಬ್ಬಿಯೊಳಗೆ ಏನಿದೆ ಎಂದು ನೋಡಿದರೆ ಅರ್ಧ ಉತ್ತರ ಸಿಗುತ್ತದೆ.

ರಿಫೈನರಿಯಲ್ಲಿ ಕಚ್ಚಾ ತೈಲವನ್ನು ಕಾಯಿಸಿದಾಗ ಗ್ಯಾಸ್, ಪೆಟ್ರೋಲ್, ಸೀಮೆಎಣ್ಣೆ, ಡೀಸೆಲ್ ಒಂದೊಂದಾಗಿ ಬೇರೆಯಾಗುತ್ತವೆ. ತಳದಲ್ಲಿ ಉಳಿಯುವ ದಪ್ಪ ತೈಲವನ್ನು ಇನ್ನೂ ಕಾಯಿಸಿದರೆ ಅದು ಒಡೆದು ಕೆಟ್ಟುಹೋಗುತ್ತದೆ. ಅದಕ್ಕೇ ಅದನ್ನು ಗಾಳಿಯ ಒತ್ತಡ ತೀರಾ ಕಡಿಮೆ ಇರುವ ನಿರ್ವಾತ ಗೋಪುರಕ್ಕೆ ಕಳಿಸುತ್ತಾರೆ. ಅಲ್ಲಿ ಕಡಿಮೆ ಶಾಖದಲ್ಲೇ ಆವಿಯಾಗುತ್ತದೆ. ಹೀಗೆ ಸಿಗುವ ಭಾಗದಿಂದ ಮೇಣ ತೆಗೆದು, ಗಂಧಕ ಕಳೆದು, ಹೈಡ್ರೋಜನ್ ಹಾಯಿಸಿ ಶುದ್ಧ ಮಾಡಿದರೆ ಬೇಸ್ ಆಯಿಲ್. ಶುದ್ಧತೆಯ ಮೇಲೆ ಅದಕ್ಕೆ ಗ್ರೂಪ್ 1, 2, 3 ಎಂಬ ದರ್ಜೆಗಳಿವೆ. ಇಂಜಿನ್ ಆಯಿಲ್‌ನ ಶೇ 70ರಿಂದ 90ರಷ್ಟು ಇದೇ. ನಮ್ಮಲ್ಲಿ ಇದನ್ನು ಮುಂಬೈ, ಹಲ್ದಿಯಾ, ಚೆನ್ನೈಗಳ ಸರ್ಕಾರಿ ರಿಫೈನರಿಗಳು ಮಾಡುತ್ತವೆ. ಅದು ಸಾಲದೆ ದಕ್ಷಿಣ ಕೊರಿಯಾ ಮೊದಲಾದ ಕಡೆಗಳಿಂದ ಹಡಗಿನಲ್ಲಿ ತರಿಸುತ್ತೇವೆ.

ಬೆಲೆಯ ಗುಟ್ಟು ಆ ನಿರ್ವಾತ ಗೋಪುರದಲ್ಲಿದೆ. ಅಲ್ಲಿಂದ ಬರುವ ತೈಲವನ್ನು ಬೇಸ್ ಆಯಿಲ್ ಮಾಡಲೇಬೇಕೆಂದಿಲ್ಲ, ಒಡೆದು ಪೆಟ್ರೋಲ್, ಡೀಸೆಲ್ ಕೂಡ ಮಾಡಬಹುದು. ಡೀಸೆಲ್‌ನಲ್ಲಿ ಲಾಭ ಹೆಚ್ಚಿದ್ದರೆ ರಿಫೈನರಿ ಆ ಕಡೆ ತಿರುಗುತ್ತದೆ, ಬೇಸ್ ಆಯಿಲ್ ಕಡಿಮೆಯಾಗುತ್ತದೆ, ಕಚ್ಚಾ ತೈಲ ಇಳಿದಿದ್ದರೂ ಬೇಸ್ ಆಯಿಲ್ ಬೆಲೆ ಏರುತ್ತದೆ. ಜಗತ್ತಿನ ಕಚ್ಚಾ ತೈಲದಲ್ಲಿ ಲೂಬ್ರಿಕೆಂಟ್‌ಗೆ ಹೋಗುವುದು ಶೇ 1ರ ಆಸುಪಾಸು. ಅಷ್ಟು ಸಣ್ಣ ಸರಕಿಗಾಗಿ ಯಾವ ರಿಫೈನರಿಯೂ ತನ್ನ ಗಾಲಿ ತಿರುಗಿಸುವುದಿಲ್ಲ.

ಇದು ಬರೀ ಲೆಕ್ಕದ ಮಾತಲ್ಲ, 2020–21ರಲ್ಲಿ ಕಣ್ಣೆದುರೇ ನಡೆಯಿತು. 2020ರ ಏಪ್ರಿಲ್ 20ರಂದು ಅಮೆರಿಕದ ಕಚ್ಚಾ ತೈಲದ ವಾಯಿದೆ ಬೆಲೆ ಸೊನ್ನೆಗಿಂತ ಕೆಳಗಿಳಿದು ಬ್ಯಾರೆಲ್‌ಗೆ ಮೈನಸ್ 37.63 ಡಾಲರ್‌ಗೆ ಮುಗಿಯಿತು. ನಮ್ಮ ದೇಶ ಆ ಅಗ್ಗದ ತೈಲವನ್ನು ತಂದು ಮಂಗಳೂರು, ಪಾದೂರು, ವಿಶಾಖಪಟ್ಟಣದ ನೆಲದಡಿಯ ಸಂಗ್ರಹಾಗಾರಗಳನ್ನು ತುಂಬಿಸಿಕೊಂಡಿತು. ಇಂಜಿನ್ ಆಯಿಲ್ ಮಾತ್ರ ನೀರಿನ ಬೆಲೆಗೆ ಬರಲಿಲ್ಲ. ವಿಮಾನಗಳು ನಿಂತಿದ್ದವು, ರಸ್ತೆಗಳು ಖಾಲಿಯಿದ್ದವು, ಇಂಧನ ಕೇಳುವವರಿಲ್ಲದೆ ರಿಫೈನರಿಗಳು ಉತ್ಪಾದನೆ ತಗ್ಗಿಸಿದವು. ಗೋಪುರಕ್ಕೆ ಹೋಗುವ ತೈಲವೇ ಕಡಿಮೆಯಾದ ಮೇಲೆ ಬೇಸ್ ಆಯಿಲ್ ಎಲ್ಲಿಂದ ಬರಬೇಕು? ಆ ವರ್ಷದ ಕೊನೆಗೆ ವಾಹನಗಳು ಮತ್ತೆ ರಸ್ತೆಗಿಳಿದವು, ಆಯಿಲ್‌ಗೆ ಬೇಡಿಕೆ ಬಂತು, ಸರಕು ಇರಲಿಲ್ಲ. 2021ರ ಫೆಬ್ರುವರಿಯಲ್ಲಿ ಟೆಕ್ಸಾಸ್ ಮೇಲೆ ಬಂದೆರಗಿದ ಹಿಮಗಾಳಿಗೆ ಆ ಕರಾವಳಿಯ ಕಾರ್ಖಾನೆಗಳು ಹೆಪ್ಪುಗಟ್ಟಿ ಮುಚ್ಚಿದವು. ಆ ವರ್ಷ ಬೇಸ್ ಆಯಿಲ್ ಕಚ್ಚಾ ತೈಲಕ್ಕಿಂತ ಎಷ್ಟೋ ಪಾಲು ವೇಗವಾಗಿ ಏರಿತು, ಕಂಪನಿಗಳು ಡಬ್ಬಿಯ ಬೆಲೆಯನ್ನು ಮತ್ತೆ ಮತ್ತೆ ಹೆಚ್ಚಿಸಿದವು. ಕಚ್ಚಾ ತೈಲ ಅಗ್ಗವಾದದ್ದರ ಹಿಂದಿನ ಕಾರಣವೇ ಇಂಜಿನ್ ಆಯಿಲ್ ದುಬಾರಿಯಾಗಲೂ ಕಾರಣವಾಯಿತು. ಬೆಲೆ ಯಾಕೆ ಇಳಿಯಿತು ಎಂದು ಕೇಳದೆ, ಇಳಿದಿದೆ ಎಂಬುದನ್ನಷ್ಟೇ ನೋಡುವುದು ಸಾಲದು ಎಂದು ನಾನು ಹೇಳುವುದು ಇದಕ್ಕೇ.

ಬೇಸ್ ಆಯಿಲ್ ಬಿಟ್ಟು ಉಳಿದ ಶೇ 10ರಿಂದ 30ರ ಪಾಲು ಅಡಿಟಿವ್‌ಗಳದು. ಮಸಿ ಗಟ್ಟಿಯಾಗದಂತೆ ತೇಲಿಸಿಡುವುದು, ಬಿಸಿಗೆ ನೀರಾಗದಂತೆ ನೋಡಿಕೊಳ್ಳುವುದು, ಲೋಹಕ್ಕೆ ಲೋಹ ತಾಗುವಲ್ಲಿ ತೆಳು ಪೊರೆ ಕಟ್ಟುವುದು, ಎಲ್ಲವೂ ಅವುಗಳ ಕೆಲಸ. ಲೂಬ್ರಿಜಾಲ್, ಇನ್ಫಿನಿಯಂ, ಆಫ್ಟನ್, ಷೆವ್ರಾನ್ ಒರೊನೈಟ್ ಎಂಬ ನಾಲ್ಕು ಕಂಪನಿಗಳ ಕೈಯಲ್ಲಿ ಈ ವ್ಯಾಪಾರದ ಬಹುಪಾಲು ಇದೆ. ಡಬ್ಬಿಯ ಮೇಲಿನ ಹೆಸರು ಬೇರೆ ಬೇರೆ ಇದ್ದರೂ ಒಳಗಿನ ಅಡಿಟಿವ್ ಇವರಲ್ಲೊಬ್ಬರ ಕಾರ್ಖಾನೆಯದೇ ಆಗಿರುವ ಸಂಭವ ಹೆಚ್ಚು. ಜಿಂಕ್, ರಂಜಕ, ಕ್ಯಾಲ್ಸಿಯಂಗಳ ಈ ರಾಸಾಯನಿಕಗಳು ಬ್ಯಾರೆಲ್ ಬೆಲೆಯ ತಾಳಕ್ಕೆ ಕುಣಿಯುವುದಿಲ್ಲ. ಸಿಂಥೆಟಿಕ್ ಆಯಿಲ್ ವಿಷಯದಲ್ಲೂ ಹಾಗೇ. ಅದರ ಒಳ್ಳೆಯ ದರ್ಜೆಗಳಲ್ಲಿ ಬಳಸುವ ದ್ರವವನ್ನು ಎಥಿಲೀನ್‌ನಿಂದ ಕಟ್ಟುತ್ತಾರೆ, ಕಚ್ಚಾ ತೈಲದ ನಂಟು ಇನ್ನೂ ದೂರವಾಗುತ್ತದೆ. ಬ್ಯಾರೆಲ್ ಇಳಿದದ್ದು ಎಲ್ಲಾದರೂ ಕಂಡರೆ ಸಾದಾ ಮಿನರಲ್ ಆಯಿಲ್‌ನಲ್ಲಿ, ಲಾರಿಗಳ ಆಯಿಲ್‌ನಲ್ಲಿ ಕಾಣಬೇಕು.

ಇನ್ನರ್ಧ ಉತ್ತರ ವ್ಯಾಪಾರದ್ದು. ಕಂಪನಿಗಳು ಹೇಳದೆ ಬಿಡುವುದು ಇದನ್ನೇ.

ಕ್ಯಾಸ್ಟ್ರಾಲ್ ಇಂಡಿಯಾ ಷೇರುಪೇಟೆಯಲ್ಲಿರುವ ಕಂಪನಿ, ಲೆಕ್ಕ ಎಲ್ಲರಿಗೂ ತೆರೆದಿದೆ. 2014ರಲ್ಲಿ ಅದರ ನಿವ್ವಳ ಲಾಭ ಸುಮಾರು 475 ಕೋಟಿ ರೂಪಾಯಿ, 2015ರಲ್ಲಿ ಸುಮಾರು 615 ಕೋಟಿ. ಮಾರಾಟದ ಆದಾಯ ಎರಡೂ ವರ್ಷ ಹೆಚ್ಚುಕಡಿಮೆ ಅಷ್ಟೇ ಇತ್ತು. ಕಚ್ಚಾ ಸರಕು ಅಗ್ಗವಾಯಿತು, ಡಬ್ಬಿಯ ಬೆಲೆ ಅಷ್ಟಾಗಿ ಕದಲಲಿಲ್ಲ, ನಡುವಿನ ಅಂತರದ ದೊಡ್ಡ ಪಾಲು ಕಂಪನಿಗೆ ಉಳಿಯಿತು. ಇದರಲ್ಲಿ ಕಾನೂನು ಮೀರಿದ್ದೇನೂ ಇಲ್ಲ, ಸರಕು ದುಬಾರಿಯಾದ ವರ್ಷಗಳಲ್ಲಿ ಅದೇ ಅಂತರ ಕಿರಿದಾಗುವುದೂ ನಿಜ. ಆದರೆ “ನಮ್ಮ ಖರ್ಚು ಇಳಿದಿಲ್ಲ” ಎಂಬ ಮಾತನ್ನು ಗ್ರಾಹಕ ಹಾಗೇ ನಂಬಬೇಕಾಗಿಲ್ಲ.

ಏರುವಾಗ ಬೇಗ, ಇಳಿಯುವಾಗ ನಿಧಾನ ಎಂಬ ಈ ಗುಣವನ್ನು ಬ್ರಿಟನ್ನಿನ ಪೆಟ್ರೋಲ್ ಬೆಲೆಗಳಲ್ಲಿ ಅಳೆದು ರಾಬರ್ಟ್ ಬೇಕನ್ 1991ರಲ್ಲಿ ಒಂದು ಪ್ರಬಂಧ ಬರೆದರು. ಬೆಲೆ ಏರುವುದು ರಾಕೆಟ್ಟಿನಂತೆ, ಇಳಿಯುವುದು ಹಕ್ಕಿಯ ಗರಿಯಂತೆ ಎಂದು ಅರ್ಥಶಾಸ್ತ್ರದವರು ಇಂದಿಗೂ ಹೇಳುವುದು ಅಲ್ಲಿಂದ ಬಂದದ್ದು. ಇಂಜಿನ್ ಆಯಿಲ್‌ನಲ್ಲಿ ಗರಿ ಇನ್ನೂ ನಿಧಾನ. ಹಡಗಿನಲ್ಲಿ ಬಂದ ಬೇಸ್ ಆಯಿಲ್ ಟ್ಯಾಂಕಿನಲ್ಲಿ ಕೂತು, ಮಿಶ್ರಣವಾಗಿ, ಡಬ್ಬಿ ಸೇರಿ, ಡಿಸ್ಟ್ರಿಬ್ಯೂಟರ್ ಗೋದಾಮು ದಾಟಿ ಅಂಗಡಿಯ ಕಪಾಟಿಗೆ ಬರಲು ತಿಂಗಳುಗಳೇ ಹಿಡಿಯುತ್ತವೆ. ನಿಮ್ಮ ಕೈಗೆ ಬರುವ ಡಬ್ಬಿ ಹಳೇ ಬೆಲೆಯ ಸರಕು, ಅದರ ಎಂಆರ್‌ಪಿ ಆಗಲೇ ಅಚ್ಚಾಗಿದೆ.

ಎಂಆರ್‌ಪಿ ಇಳಿಸಲು ಕಂಪನಿಗಳಿಗೆ ಮನಸ್ಸೂ ಇರುವುದಿಲ್ಲ. ಇವತ್ತು ಇಳಿಸಿದರೆ ನಾಳೆ ಏರಿಸುವಾಗ ಮಾತು ಕೇಳಬೇಕು. ಅದರ ಬದಲು ಡಿಸ್ಟ್ರಿಬ್ಯೂಟರ್‌ಗೆ ಸ್ಕೀಮು, ಅಂಗಡಿಯವರಿಗೆ ಹೆಚ್ಚು ಮಾರ್ಜಿನ್ನು, ಹತ್ತು ಡಬ್ಬಿಗೆ ಒಂದು ಉಚಿತ. ಕೆಲವು ಡಬ್ಬಿಗಳ ಮುಚ್ಚಳದಡಿಯಲ್ಲಿ ಮೆಕ್ಯಾನಿಕ್‌ಗೆಂದೇ ಇಟ್ಟ ಕೂಪನ್ನೋ ಸ್ಕ್ಯಾನ್ ಮಾಡುವ ಕೋಡೋ ಇರುತ್ತದೆ. ದುಡ್ಡು ಕೊಡುವವರು ನೀವು, ಯಾವ ಆಯಿಲ್ ಹಾಕಬೇಕೆಂದು ಹೇಳುವವರು ಮೆಕ್ಯಾನಿಕ್. ಕಂಪನಿ ಮೆಚ್ಚಿಸುವುದು ಅವರನ್ನೇ. ಬ್ಯಾರೆಲ್‌ನಿಂದ ಇಳಿದುಬಂದ ಆ ಐದು ಹತ್ತು ರೂಪಾಯಿ ಬಹಳ ಸಲ ಅಂಗಡಿಯವರೆಗೂ ಬಂದಿರುತ್ತದೆ, ಕೌಂಟರ್ ದಾಟಿ ಈಚೆ ಬಂದಿರುವುದಿಲ್ಲ.

ಲಾರಿ ಮಾಲೀಕರಿಗೆ ಹಾಗಲ್ಲ. 210 ಲೀಟರ್ ಡ್ರಮ್ಮನ್ನೇ ಕೊಳ್ಳುವವರು, ಟೆಂಡರ್ ಕರೆದು ಕೊಳ್ಳುವ ಸಾರಿಗೆ ಸಂಸ್ಥೆಗಳು ಮಾರುಕಟ್ಟೆ ನೋಡಿ ಚೌಕಾಸಿ ಮಾಡುತ್ತಾರೆ, ಅವರಿಗೆ ದರ ಬೇಗ ಇಳಿಯುತ್ತದೆ. ಗ್ಯಾರೇಜಿನಲ್ಲಿ ಕುಸಿತದ ಬಿಸಿ ಎಲ್ಲಕ್ಕಿಂತ ಮೊದಲು ತಟ್ಟುವುದು ಹಳೇ ಆಯಿಲ್ ತುಂಬಿಡುವ ಡ್ರಮ್ಮಿಗೆ. ಅದನ್ನು ಕುಲುಮೆಗಳಲ್ಲಿ ಫರ್ನೇಸ್ ಆಯಿಲ್ ಬದಲು ಸುಡುವವರೂ ಇರುವುದರಿಂದ, ಕಚ್ಚಾ ತೈಲ ಬಿದ್ದ ಕೂಡಲೇ ಹಳೇ ಆಯಿಲ್ ಕೊಳ್ಳುವವರು ದರ ಇಳಿಸುತ್ತಾರೆ. ಸಣ್ಣ ಗ್ಯಾರೇಜಿನವರಿಗೆ ಇದು ನಷ್ಟವೇ. ಹೊಸ ಡಬ್ಬಿ ಇಳಿದಿಲ್ಲ, ಹಳೇ ಆಯಿಲ್ ಬೆಲೆ ಬಿದ್ದಿದೆ ಎಂದು ಮೆಕ್ಯಾನಿಕ್ ಗೊಣಗಿದರೆ ಸುಳ್ಳಲ್ಲ.

ಹಾಗಾದರೆ ಕೊಳ್ಳುವವರು ಏನು ಮಾಡಬಹುದು? ಕಚ್ಚಾ ತೈಲ ಎರಡು ಮೂರು ತಿಂಗಳಿಂದ ಇಳಿದೇ ಇದ್ದರೆ, ಬಿಡಿಭಾಗದ ಅಂಗಡಿಗೆ ನೀವೇ ಹೋಗಿ ಎಂಆರ್‌ಪಿಗಿಂತ ಎಷ್ಟು ಕಡಿಮೆಗೆ ಕೊಡುತ್ತೀರಿ ಎಂದು ಬಾಯಿಬಿಟ್ಟು ಕೇಳಿ. ಎರಡು ಅಂಗಡಿ ವಿಚಾರಿಸಿದರೆ ಅಂತರ ಗೊತ್ತಾಗುತ್ತದೆ. ನಮ್ಮೂರ ಮೆಕ್ಯಾನಿಕ್‌ಗಳಲ್ಲಿ ಬಹಳ ಜನ ಆಯಿಲ್ ನಾವೇ ತಂದುಕೊಟ್ಟರೂ ಬೇಡ ಎನ್ನುವುದಿಲ್ಲ, ಕೂಲಿ ಬೇರೆ ತೆಗೆದುಕೊಳ್ಳುತ್ತಾರೆ. ಆ ಕೂಲಿಯಲ್ಲಿ ಜಗ್ಗಾಡಬೇಡಿ, ಅದು ಅವರ ಕೈಕೆಲಸದ ಬೆಲೆ.

ಡಬ್ಬಿಯ ಅಳತೆಯನ್ನೂ ನೋಡಬೇಕು. ಬೈಕಿನ ಆಯಿಲ್ ಎಷ್ಟೋ ಕಡೆ 900 ಮಿಲಿಲೀಟರ್ ಡಬ್ಬಿಯಲ್ಲಿ, ಸ್ಕೂಟರಿನದು 800ರಲ್ಲಿ ಬರುತ್ತದೆ. 360 ರೂಪಾಯಿಯ 900 ಮಿಲಿಲೀಟರ್ ಮತ್ತು 390 ರೂಪಾಯಿಯ ಪೂರ್ತಿ ಲೀಟರ್ ಪಕ್ಕಪಕ್ಕ ಇದ್ದರೆ ಕೈ ಹೋಗುವುದು ಮೊದಲನೆಯದಕ್ಕೆ, ಲೀಟರ್ ಲೆಕ್ಕದಲ್ಲಿ ಅಗ್ಗ ಎರಡನೆಯದು. ಆದರೆ ನಿಮ್ಮ ಇಂಜಿನ್ನಿಗೆ ಬೇಕಿರುವುದೇ 900 ಆಗಿದ್ದರೆ ಉಳಿದ ನೂರು ಮಿಲಿ ಶೆಡ್ಡಿನ ಮೂಲೆ ಸೇರುತ್ತದೆ, ಆಗ ಮೊದಲನೆಯದೇ ಸರಿ.

ಹಣ ಉಳಿಸಲು ಗ್ರೇಡ್ ಮಾತ್ರ ಬದಲಿಸಬೇಡಿ. ಗಾಡಿಯ ಜೊತೆ ಬಂದ ಪುಸ್ತಕದಲ್ಲಿ 10ಡಬ್ಲ್ಯು-30 ಎಂದಿದ್ದರೆ ಅದೇ. ಕ್ಲಚ್ ಆಯಿಲ್‌ನಲ್ಲೇ ಮುಳುಗಿರುವ ಬೈಕುಗಳಿಗೆ ಜಾಸೋ ಎಂಎ ಗುರುತಿನದು ಬೇಕು; ಗೇರಿಲ್ಲದ ಸ್ಕೂಟರಿಗೆಂದು ಮಾಡಿದ ಎಂಬಿ ಆಯಿಲ್ ಹಾಕಿದರೆ ಕ್ಲಚ್ ಜಾರಲು ಶುರುವಾಗುತ್ತದೆ. ಹಾಗೆಯೇ ಮಿನರಲ್ ಆಯಿಲ್ ಸಾಕು ಎಂದು ಪುಸ್ತಕ ಹೇಳುವ ಹಳೇ ಬೈಕಿಗೆ ಎರಡರಷ್ಟು ಬೆಲೆಯ ಸಿಂಥೆಟಿಕ್ ಹಾಕಿಸಿಕೊಳ್ಳಬೇಕಾದ್ದೂ ಇಲ್ಲ. ಕಚ್ಚಾ ತೈಲ ಹತ್ತು ಡಾಲರ್ ಬಿದ್ದರೂ ಸಿಗದ ಉಳಿತಾಯ ಈ ಒಂದು ಆಯ್ಕೆಯಲ್ಲಿ ಸಿಗುತ್ತದೆ.

ಬ್ಯಾರೆಲ್ ಇಳಿದ ಸುದ್ದಿ ಹೇಳಿಕೊಂಡು ಯಾರಾದರೂ ಹೆಸರಾದ ಬ್ರ್ಯಾಂಡಿನ ಡಬ್ಬಿಯನ್ನು ಅರ್ಧ ಬೆಲೆಗೆ ಕೊಟ್ಟರೆ ಮೇಲಿನ ಲೆಕ್ಕ ನೆನಪಿಸಿಕೊಳ್ಳಿ. ಅಷ್ಟು ಇಳಿಯಲು ಸಾಧ್ಯವೇ ಇಲ್ಲ. ಅದು ಶುದ್ಧೀಕರಿಸದ ಹಳೇ ಆಯಿಲ್ ತುಂಬಿದ ನಕಲಿ ಡಬ್ಬಿ ಇರಬಹುದು. ಮುಚ್ಚಳದ ಉಂಗುರ, ಒಳಗಿನ ಫಾಯಿಲ್ ಸೀಲು ನಿಮ್ಮೆದುರೇ ಒಡೆಯಬೇಕು. ಆಯಿಲ್ ಸುರಿದಾದ ಮೇಲೆ ಖಾಲಿ ಡಬ್ಬಿಯ ಬುಡಕ್ಕೆ ಸ್ಕ್ರೂಡ್ರೈವರಿನಿಂದ ಒಂದು ತೂತು ಹೊಡೆಸಿ, ಲೇಬಲ್ ಅಡ್ಡಡ್ಡ ಸೀಳಿಬಿಡಿ. ನಕಲಿ ಮಾಡುವವರಿಗೆ ಬೇಕಿರುವುದು ಚೆನ್ನಾಗಿರುವ ಖಾಲಿ ಡಬ್ಬಿಯೇ.