ದೇವರ ಕೋಪ, ದೇವರ ನೀತಿ: ಅಂಧೇರಿಯ ಒಂದು ಪಾಳು ಇಗರ್ಜಿಯ ಹಿನ್ನೆಲೆಯಲ್ಲಿ

ಮುಂಬಯಿಯ ಅಂಧೇರಿ ಪೂರ್ವದಲ್ಲಿ, 1973ರಲ್ಲಿ ಸ್ಥಾಪಿತವಾದ ಸೀಪ್ಜ್ ಕೈಗಾರಿಕಾ ವಲಯದ ಆವರಣದೊಳಗೆ, ಸ್ನಾನಿಕ ಯೋಹಾನನ ಹೆಸರಿನ ಇಗರ್ಜಿಯೊಂದು ಪಾಳುಬಿದ್ದಿದೆ. ಯೇಸುಸಭೆಯ ಪಾದ್ರಿಗಳು 1579ರಲ್ಲಿ ಕಟ್ಟಿಸಿದ ಈ ಇಗರ್ಜಿಯನ್ನು, 1840ರಲ್ಲಿ ಸಾಂಕ್ರಾಮಿಕ ರೋಗ ಹರಡಿದಾಗ, ಜನ ತೊರೆದು ಸಮೀಪದ ಮರೋಳಿಗೆ ಸರಿದರು. ಊರಿಗೆ ರೋಗ ಬಂದಾಗ ಭಕ್ತರ ಮನಸ್ಸಿನಲ್ಲಿ ಏಳುವ ಪ್ರಶ್ನೆ ಹಳೆಯದು: ಇದು ದೇವರ ಕೋಪವೆ? ಹೌದಾದರೆ ಯಾರ ತಪ್ಪಿಗೆ?

ಈ ಪ್ರಶ್ನೆಯನ್ನು ಕನ್ನಡದ ಮೂಲಕ ಪರಿಶೀಲಿಸುವವರು ಮೊದಲು ಪದಗಳ ಬಗೆಗೆ ಎಚ್ಚರ ವಹಿಸಬೇಕೆಂದು ನಾವು ಭಾವಿಸುತ್ತೇವೆ. ನಮ್ಮ ಹಳ್ಳಿಗಳ ನಂಬಿಕೆಯಲ್ಲಿ ಮಾರಿಯ ಮುನಿಸು ಸೇವೆ ತಪ್ಪಿದಾಗ ಹುಟ್ಟಿ, ಹರಕೆ, ಜಾತ್ರೆಗಳಿಂದ ಶಮನವಾಗುವಂಥದು. ಬಳ್ಳಾರಿಯಲ್ಲಿ ಜಾನ್ ಹ್ಯಾಂಡ್ಸ್ ಮೊದಲಾದವರಿಂದ ಆರಂಭವಾದ ಕನ್ನಡ ಬೈಬಲ್ಲಿನ ಪರಂಪರೆ 'ಕೋಪ' ಎಂಬ ನಿತ್ಯದ ಮಾತನ್ನೇ ಬಳಸಿದರೂ ಅದರ ಜೊತೆಗೆ 'ನೀತಿ'ಯನ್ನು ಇಟ್ಟಿದೆ. ಇಲ್ಲಿ ನೀತಿಯೆಂದರೆ ಲೋಕರೂಢಿಯ ಸದಾಚಾರವಷ್ಟೇ ಅಲ್ಲ. ದೇವರು ತನ್ನ ಒಡಂಬಡಿಕೆಗೆ ತಪ್ಪದೆ ನಡೆದು, ಮನುಷ್ಯನನ್ನು ತನ್ನೊಡನೆ ಸರಿಯಾದ ಸಂಬಂಧದಲ್ಲಿ ನಿಲ್ಲಿಸುವ ಗುಣ. ಪೌಲನು ರೋಮಾಪುರದವರಿಗೆ ಬರೆದ ಪತ್ರದಲ್ಲಿ (1:17-18) ಈ ಎರಡೂ ಅಕ್ಕಪಕ್ಕದ ವಾಕ್ಯಗಳಲ್ಲಿ ಬರುತ್ತವೆ. ಅನ್ಯಾಯವನ್ನು ಕಂಡು ಸುಮ್ಮನಿರಲಾರದ ನೀತಿಗೇ ಕೋಪವೆಂದು ಹೆಸರು.

ಈ ಜೋಡಣೆಯನ್ನು ಎಲ್ಲರೂ ಒಪ್ಪಲಿಲ್ಲ. 2ನೆಯ ಶತಮಾನದ ಮಾರ್ಸಿಯನ್ ದಂಡಿಸುವ ದೇವರನ್ನೂ ಯೇಸು ಸಾರಿದ ಕರುಣಾಳು ದೇವರನ್ನೂ ಬೇರೆಬೇರೆಯೆಂದ. ಸಭೆ ಅವನನ್ನು ಹೊರಗಿಟ್ಟಿತು. 4ನೆಯ ಶತಮಾನದ ಆದಿಭಾಗದಲ್ಲಿ ಲ್ಯಾಕ್ಟಾಂಟಿಯಸ್, ಕೆಡುಕಿಗೆ ಕೋಪಿಸದವನು ಒಳಿತನ್ನು ಪ್ರೀತಿಸಲಾರನೆಂದು ವಾದಿಸಿದ. 1932ರಲ್ಲಿ ಸಿ. ಎಚ್. ಡಾಡ್, ಪೌಲನು ಹೇಳುವ ಕೋಪ ದೇವರ ಭಾವಾವೇಶವಲ್ಲ, ಪಾಪವು ತನ್ನ ಫಲವನ್ನು ತಾನೇ ತರುವ ಕ್ರಮವೆಂದು ವ್ಯಾಖ್ಯಾನಿಸಿದರು.

ಆದರೆ ರೋಗಪೀಡಿತನೆಲ್ಲ ದೋಷಿಯೆ? ಇಲ್ಲಿ ಗ್ರಂಥದೊಳಗೇ ಎರಡು ಧ್ವನಿಗಳಿವೆ. ದಾವೀದನು ಜನಗಣತಿ ಮಾಡಿಸಿದ್ದಕ್ಕಾಗಿ ವ್ಯಾಧಿ ಬಂದು 70,000 ಜನ ಸತ್ತರೆಂದು ಸಮುವೇಲನ ಎರಡನೆಯ ಗ್ರಂಥ ಹೇಳುತ್ತದೆ. ಯೋಬನ ಗ್ರಂಥವಾದರೋ, ಅವನ ಸಂಕಟವನ್ನು ಪಾಪದ ಫಲವೆಂದ ಸ್ನೇಹಿತರನ್ನೇ ದೇವರು ಖಂಡಿಸಿದನೆನ್ನುತ್ತದೆ. ಸಿಲೋವದ ಬುರುಜು ಬಿದ್ದು ಸತ್ತ 18 ಮಂದಿ ಉಳಿದವರಿಗಿಂತ ಹೆಚ್ಚು ಪಾಪಿಗಳಲ್ಲವೆಂದ ಯೇಸು, ಕೇಳಿದವರೇ ಮನಸ್ಸು ತಿರುಗಿಸಿಕೊಳ್ಳಬೇಕೆಂದ (ಲೂಕ 13). ಪ್ರಶ್ನೆ ಸತ್ತವರಿಂದ ಬದುಕಿದವರತ್ತ ತಿರುಗುತ್ತದೆ.

ಈ ತಿರುವನ್ನು ಮುಂಬಯಿಯಲ್ಲಿ ಕಾಣಬಹುದು. 1896ರಲ್ಲಿ ಮಾಂಡವಿಯಲ್ಲಿ ಪ್ಲೇಗನ್ನು ಮೊದಲು ಗುರುತಿಸಿದವರು ಕ್ರೈಸ್ತ ವೈದ್ಯ ಅಕಾಸಿಯೊ ವಿಯೇಗಸ್. ಅದೇ ಪಿಡುಗಿನ ಕಾಲದಲ್ಲಿ ನಗರದ ಗಾವಠಾಣಗಳಲ್ಲಿ ರಕ್ಷಣೆಗಾಗಿ ಶಿಲುಬೆಗಳನ್ನು ನೆಡಲಾಯಿತು. ಆ ಶಿಲುಬೆಗಳನ್ನು ಮುನಿದ ಶಕ್ತಿಯನ್ನು ತಣಿಸುವ ಸಾಧನವೆಂದಷ್ಟೇ ಓದುವುದು ಸಾಲದು. ಕ್ರೈಸ್ತ ನಂಬಿಕೆಯಲ್ಲಿ ನ್ಯಾಯಾಧಿಪತಿಯೇ ತೀರ್ಪಿನ ಭಾರವನ್ನು ಹೊತ್ತ ಸ್ಥಳ ಶಿಲುಬೆ. ಆದುದರಿಂದ ಅದರ ಬುಡದಲ್ಲಿ ಮಾಡುವ ಪ್ರಾರ್ಥನೆ, ರೋಗಿಯ ಮೇಲಿನ ತೀರ್ಪಲ್ಲ, ನೀತಿವಂತನಾದ ದೇವರಲ್ಲಿ ಸಲ್ಲಿಸುವ ಮೊರೆ ಎಂಬುದು ನಮ್ಮ ಅಭಿಪ್ರಾಯ.