ಗರ್ಭಿಣಿಯರ ಪ್ರಯಾಣ ಮತ್ತು ಸೀಟ್ ಬೆಲ್ಟ್: ಗಡಿಭಾಗದ ಕುಟುಂಬಗಳು ತಿಳಿದಿರಬೇಕಾದ ಸಂಗತಿಗಳು

ಶಿರೂರ ಅನಂತಪಾಳ, ನಿಲಂಗಾ, ಉದಗೀರ, ಉಮರ್ಗಾ ಭಾಗದ ಕನ್ನಡಿಗರ ಬೀಗತನಕ್ಕೆ ರಾಜ್ಯದ ಗಡಿ ಅಡ್ಡಿಯಾಗಿಲ್ಲ. ಭಾಲ್ಕಿ, ಔರಾದ, ಬಸವಕಲ್ಯಾಣ, ಆಳಂದಗಳಿಂದ ಸೊಸೆಯಂದಿರು ಇತ್ತ ಬರುತ್ತಾರೆ. ಇಲ್ಲಿಯ ಹೆಣ್ಣುಮಕ್ಕಳು ಅತ್ತ ಹೋಗುತ್ತಾರೆ. ಕುಬಸ ಮಾಡಿ, ಉಡಿ ತುಂಬಿ, ಚೊಚ್ಚಲ ಹೆರಿಗೆಗೆ ಮಗಳನ್ನು ತವರಿಗೆ ಕರೆದೊಯ್ಯುವುದು ನಮ್ಮಲ್ಲಿ ನಡೆದು ಬಂದ ಪದ್ಧತಿ. ತಪಾಸಣೆಗೆಂದು ಲಾತೂರಿಗೋ ಬೀದರಿಗೋ ಹೋಗುವುದೂ ಇದ್ದೇ ಇದೆ. ಹೀಗಾಗಿ ಹೊಟ್ಟೆ ದೊಡ್ಡದಾದ ತಿಂಗಳುಗಳಲ್ಲಿಯೇ ನಮ್ಮ ಹೆಣ್ಣುಮಕ್ಕಳು ದೂರದ ಪ್ರಯಾಣ ಮಾಡಬೇಕಾಗುತ್ತದೆ.

ಇಂತಹ ಪ್ರಯಾಣಕ್ಕೆ ಹೊರಡುವಾಗ ಮನೆಯ ಹಿರಿಯರು ಸಾಮಾನ್ಯವಾಗಿ ಹೇಳುವ ಮಾತೊಂದಿದೆ: "ಬೆಲ್ಟ್ ಹಾಕ್ಕೋಬ್ಯಾಡವ್ವ, ಕೂಸಿಗೆ ಒತ್ತತದ." ಈ ಮಾತಿನ ಹಿಂದಿರುವ ಕಾಳಜಿ ನಿಜವಾದದ್ದು. ಆದರೆ ವೈದ್ಯಶಾಸ್ತ್ರ ಹೇಳುವುದು ಇದಕ್ಕೆ ತದ್ವಿರುದ್ಧವಾಗಿದೆ. ಗರ್ಭದಲ್ಲಿರುವ ಕೂಸಿನ ರಕ್ಷಣೆಗೆ ಇರುವ ಮೊದಲ ದಾರಿ ತಾಯಿಯ ರಕ್ಷಣೆ. ಸರಿಯಾದ ರೀತಿಯಲ್ಲಿ ಕಟ್ಟಿಕೊಂಡ ಬೆಲ್ಟ್ ಇಬ್ಬರನ್ನೂ ಕಾಯುತ್ತದೆ.

ಇದರ ಕಾರಣವನ್ನು ತಿಳಿಯೋಣ. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಸಾಗುವ ಕಾರು ಮರಕ್ಕೆ ಡಿಕ್ಕಿ ಹೊಡೆದರೆ ಕಾರು ಥಟ್ಟನೆ ನಿಲ್ಲುತ್ತದೆ. ಒಳಗಿರುವವರ ದೇಹ ಮಾತ್ರ ಅದೇ ವೇಗದಲ್ಲಿ ಮುಂದಕ್ಕೆ ಚಿಮ್ಮುತ್ತದೆ. ಸುಮಾರು 10 ಮೀಟರ್ ಎತ್ತರದಿಂದ, ಅಂದರೆ ಮೂರನೆಯ ಮಹಡಿಯಿಂದ, ಬಿದ್ದವರು ನೆಲ ಮುಟ್ಟುವಾಗಿನ ವೇಗವೂ ಇಷ್ಟೇ. ಇಷ್ಟು ಬಲವನ್ನು ಕೈಯಿಂದ ಸೀಟು ಹಿಡಿದು ತಡೆಯುವುದು ಯಾರಿಗೂ ಸಾಧ್ಯವಿಲ್ಲ. ಬೆಲ್ಟ್ ಇಲ್ಲದ ಗರ್ಭಿಣಿಯ ಹೊಟ್ಟೆ ನೇರವಾಗಿ ಸ್ಟಿಯರಿಂಗಿಗೋ ಮುಂದಿನ ಸೀಟಿಗೋ ಅಪ್ಪಳಿಸುತ್ತದೆ.

ಗರ್ಭಕೋಶದ ಗೋಡೆ ಹಿಗ್ಗಿ ಕುಗ್ಗಬಲ್ಲದು. ಅದಕ್ಕೆ ಅಂಟಿಕೊಂಡಿರುವ ಮಾಸು ಹಾಗೆ ಹಿಗ್ಗುವುದಿಲ್ಲ. ಹೊಡೆತ ಬಿದ್ದಾಗ ಮಾಸು ಗೋಡೆಯಿಂದ ಕಳಚಿಕೊಳ್ಳಬಹುದು. ಹಾಗಾದರೆ ಕೂಸಿಗೆ ತಾಯಿಯಿಂದ ಬರುವ ಆಮ್ಲಜನಕ ಕಡಿಮೆಯಾಗುತ್ತದೆ ಅಥವಾ ನಿಂತೇಹೋಗುತ್ತದೆ. ತಾಯಿಯ ಮೈಮೇಲೆ ಗಾಯವೇ ಕಾಣದ ಸಣ್ಣ ಅಪಘಾತದಲ್ಲಿಯೂ ಇದು ಸಂಭವಿಸಬಹುದು.

ಬೆಲ್ಟ್ ಕಟ್ಟಿಕೊಳ್ಳುವ ಸರಿಯಾದ ಕ್ರಮ ಹೀಗಿದೆ:

1. ಕೆಳಗಿನ ಪಟ್ಟಿ ಹೊಟ್ಟೆಯ ಮೇಲೆ ಬರಕೂಡದು. ಅದು ಹೊಟ್ಟೆಯ ಕೆಳಗೆ, ತೊಡೆಯ ಮೇಲ್ಭಾಗದಲ್ಲಿ, ಸೊಂಟದ ಎರಡೂ ಮೂಳೆಗಳಿಗೆ ತಾಗಿ ಇರಬೇಕು.

2. ಮೇಲಿನ ಪಟ್ಟಿ ಹೆಗಲ ನಡುವಿನಿಂದ ಇಳಿದು, ಎರಡು ಸ್ತನಗಳ ನಡುವೆ ಹಾದು, ಹೊಟ್ಟೆಯ ಪಕ್ಕದಿಂದ ಕೆಳಗೆ ಬರಬೇಕು. ಅದನ್ನು ಬೆನ್ನ ಹಿಂದೆ ಹಾಕಬಾರದು, ಕಂಕುಳ ಕೆಳಗೂ ತೂರಿಸಬಾರದು.

3. ಪಟ್ಟಿ ಸಡಿಲವಾಗಿಯೂ ಇರಬಾರದು, ತಿರುಚಿಯೂ ಇರಬಾರದು. ದಪ್ಪ ಶಾಲು ಹೊದ್ದಿದ್ದರೆ ಬೆಲ್ಟ್ ಅದರ ಒಳಗಡೆ ಇರಲಿ.

4. ಬೆನ್ನನ್ನು ಸೀಟಿಗೆ ಒರಗಿಸಿ ನೇರವಾಗಿ ಕುಳಿತುಕೊಳ್ಳಬೇಕು. ಮಲಗಿದಂತೆ ಒರಗಿದರೆ ಕೆಳಗಿನ ಪಟ್ಟಿ ಮೇಲೆ ಸರಿದು ಹೊಟ್ಟೆಗೆ ಬರುತ್ತದೆ.

ಗರ್ಭಿಣಿಯೇ ಕಾರು ನಡೆಸುತ್ತಿದ್ದರೆ ಎದೆಮೂಳೆಗೂ ಸ್ಟಿಯರಿಂಗಿಗೂ ನಡುವೆ ಕನಿಷ್ಠ 25 ಸೆಂಟಿಮೀಟರ್ ಅಂತರವಿರಲಿ. ಏರ್‌ಬ್ಯಾಗನ್ನು ಬಂದ್ ಮಾಡಿಸಬಾರದು. ಅದು ಬೆಲ್ಟಿನ ಜೊತೆಗೂಡಿ ಕೆಲಸ ಮಾಡುತ್ತದೆ, ಬೆಲ್ಟಿಗೆ ಬದಲಿಯಲ್ಲ.

"ಹಿಂದೆ ಕುಳಿತವರಿಗೆ ಬೆಲ್ಟ್ ಯಾಕೆ?" ಎಂಬ ಪ್ರಶ್ನೆಯೂ ಬರುತ್ತದೆ. 2022ರ ಸೆಪ್ಟೆಂಬರ್ 4ರಂದು ಪಾಲಘರ್ ಜಿಲ್ಲೆಯಲ್ಲಿ ನಡೆದ ಅಪಘಾತದಲ್ಲಿ ಉದ್ಯಮಿ ಸೈರಸ್ ಮಿಸ್ತ್ರಿ ಮೃತಪಟ್ಟರು. ಅವರು ಹಿಂದಿನ ಸೀಟಿನಲ್ಲಿ ಬೆಲ್ಟ್ ಇಲ್ಲದೆ ಕುಳಿತಿದ್ದರೆಂದು ಪೊಲೀಸರು ತಿಳಿಸಿದ್ದರು. ಕಾನೂನಿನ ಪ್ರಕಾರ ಮುಂದೆ ಮುಖ ಮಾಡಿದ ಹಿಂದಿನ ಸೀಟಿನವರೂ ಬೆಲ್ಟ್ ಕಟ್ಟಬೇಕು. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ ಕಲಂ 194ಬಿ ಇದಕ್ಕೆ ₹1,000 ದಂಡ ವಿಧಿಸುತ್ತದೆ. ನಮ್ಮ ಭಾಗದ ಎಷ್ಟೋ ಕಾರುಗಳಲ್ಲಿ ಹಿಂದಿನ ಬೆಲ್ಟಿನ ಬಕಲ್ ಸೀಟ್ ಕವರಿನ ಅಡಿಯಲ್ಲಿ ಹುದುಗಿಹೋಗಿರುತ್ತದೆ. ಹೊರಡುವ ಹಿಂದಿನ ದಿನವೇ ಅದನ್ನು ಹೊರತೆಗೆದು ನೋಡಿಕೊಳ್ಳಿರಿ.

ಎಲ್ಲರ ಮನೆಯಲ್ಲಿಯೂ ಕಾರು ಇರುವುದಿಲ್ಲ. ಆದರೂ ಒಂಬತ್ತನೆಯ ತಿಂಗಳಲ್ಲಿ ಜನ ತುಂಬಿದ ಕಾಳಿ-ಪಿವಳಿ ಜೀಪಿನಲ್ಲಿ ಅಡ್ಡ ಸೀಟಿನ ತುದಿಗೆ ಕೂಡಿಸುವುದು, ಮೋಟಾರ್ ಸೈಕಲ್ಲಿನಲ್ಲಿ ಒಂದೇ ಬದಿಗೆ ಕಾಲು ಹಾಕಿ ಕೂಡಿಸುವುದು ಅಪಾಯಕಾರಿ. ಬಾಡಿಗೆ ವಾಹನ ಮಾಡುವುದಾದರೆ ದರ ಕೇಳುವಾಗಲೇ "ಹಿಂದಿನ ಬೆಲ್ಟ್ ಕೆಲಸ ಮಾಡುತ್ತದೆಯೇ?" ಎಂದೂ ಕೇಳಿರಿ. ಬಸ್ಸಿನಲ್ಲಿ ಹೋಗುವುದಾದರೆ ನಿಂತು ಪ್ರಯಾಣಿಸದೆ ನಡುವಿನ ಸೀಟಿನಲ್ಲಿ ಕುಳಿತುಕೊಳ್ಳಲಿ. ಯಾವ ವಾಹನವಾದರೂ ಎರಡು ಗಂಟೆಗೊಮ್ಮೆಯಾದರೂ ಇಳಿದು ನಾಲ್ಕು ಹೆಜ್ಜೆ ನಡೆಯುವುದು ಒಳ್ಳೆಯದು.

ಅಪಘಾತವಾದರೆ, ಅದು ಸಣ್ಣದೇ ಆಗಿರಲಿ, ಆಸ್ಪತ್ರೆಗೆ ಹೋಗಲೇಬೇಕು. ರಕ್ತಸ್ರಾವ, ನೀರು ಹೋಗುವುದು, ಹೊಟ್ಟೆನೋವು, ಹೊಟ್ಟೆ ಬಿಗಿಯಾಗುವುದು, ಕೂಸಿನ ಚಲನೆ ಕಡಿಮೆಯಾಗುವುದು ಅಪಾಯದ ಲಕ್ಷಣಗಳು. ಲಕ್ಷಣವಿಲ್ಲದಿದ್ದರೂ ದಿನ ತುಂಬುತ್ತ ಬಂದವರನ್ನು ವೈದ್ಯರು ಕೆಲವು ಗಂಟೆ ಇರಿಸಿಕೊಂಡು ಕೂಸಿನ ಹೃದಯ ಬಡಿತ ನೋಡುತ್ತಾರೆ, ಅವಸರ ಮಾಡಬಾರದು. ರಕ್ತದ ಗುಂಪು ನೆಗೆಟಿವ್ ಇದ್ದರೆ ಅದನ್ನು ಮೊದಲೇ ಹೇಳಬೇಕು. ಅಂಥವರಿಗೆ 72 ಗಂಟೆಯೊಳಗೆ ಆ್ಯಂಟಿ-ಡಿ ಚುಚ್ಚುಮದ್ದು ಬೇಕಾಗಬಹುದು.

ಆಂಬುಲೆನ್ಸಿಗೆ 108ಕ್ಕೆ ಕರೆ ಮಾಡಿದಾಗ ಊರು, ತಾಲೂಕು, ರಾಜ್ಯ ಮೂರನ್ನೂ ಮೊದಲೇ ಹೇಳಿರಿ. ಕರ್ನಾಟಕದಿಂದ ಬಂದ ಸೊಸೆಗೆ ಮರಾಠಿ ಬಾರದಿದ್ದರೆ ಗಾಬರಿಯ ಹೊತ್ತಿನಲ್ಲಿ ಮಾತು ಕಟ್ಟಿಹೋಗುತ್ತದೆ. ಈ ಎರಡು ವಾಕ್ಯಗಳನ್ನಾದರೂ ಆಕೆಗೆ ಕಲಿಸಿರಿ: "ಮೀ ಗರೋದರ ಆಹೇ, ಗಾಡೀಚಾ ಅಪಘಾತ ಝಾಲಾ." "ಬಾಳಾಚೀ ಹಾಲಚಾಲ ಕಮೀ ಝಾಲೀ ಆಹೇ." ಗರ್ಭಿಣಿ ತಾನು, ವಾಹನದ ಅಪಘಾತವಾಗಿದೆ, ಕೂಸಿನ ಚಲನೆ ಕಡಿಮೆಯಾಗಿದೆ ಎಂಬುದು ಇವುಗಳ ಅರ್ಥ. ತಾಯಿ ಕಾರ್ಡು ಸದಾ ಕೈಚೀಲದಲ್ಲಿರಲಿ.

ಮಗಳನ್ನು ಕರೆದೊಯ್ಯಲು ಬರುವ ಅಣ್ಣ-ತಮ್ಮಂದಿರಲ್ಲಿ, ಕಳುಹಿಸಿಕೊಡುವ ಅತ್ತೆ-ಮಾವಂದಿರಲ್ಲಿ ಒಂದು ವಿನಂತಿ. ಗಾಡಿ ಹೊರಡುವ ಮುನ್ನ ಆಕೆಯ ಬೆಲ್ಟನ್ನು ಒಮ್ಮೆ ನೋಡಿರಿ. ಪಟ್ಟಿ ಹೊಟ್ಟೆಯ ಕೆಳಗಿದೆಯೇ, ಹೆಗಲ ಮೇಲಿದೆಯೇ ಎಂದು ಖಾತ್ರಿ ಮಾಡಿಕೊಂಡ ಬಳಿಕವೇ ಗಾಡಿ ಹೊರಡಲಿ.