ಎಂಟು ನದಿಗಳ ತವರು

ಅಮೆರಿಕದ ಪಶ್ಚಿಮ ವರ್ಜೀನಿಯಾ ರಾಜ್ಯದಲ್ಲಿ, ಅಲೆಘೇನಿ ಪರ್ವತಗಳ ಮಡಿಲಲ್ಲಿರುವ ಪೊಕಹಾಂಟಸ್ ಕೌಂಟಿಗೆ ‘ನದಿಗಳ ಜನ್ಮಸ್ಥಾನ’ವೆಂದು ಹೆಸರು. ಗ್ರೀನ್‌ಬ್ರಯರ್, ಎಲ್ಕ್, ಚೆರಿ, ಕ್ರ್ಯಾನ್‌ಬೆರಿ ಮೊದಲಾದ ಎಂಟು ನದಿಗಳು ಇಲ್ಲಿ ಹುಟ್ಟಿ, ಮದುವೆಯಾದ ಹೆಣ್ಣುಮಕ್ಕಳಂತೆ ತವರನ್ನು ತೊರೆದು ಹರಿಯುತ್ತವೆ.

1821ರಲ್ಲಿ ರೂಪುಗೊಂಡ ಈ ಸೀಮೆ ಅಂತರ್ಯುದ್ಧದ ರಕ್ತಪಾತವನ್ನೂ ಕಂಡಿತು. 1863ರ ನವೆಂಬರ್ 6ರಂದು ಡ್ರೂಪ್ ಬೆಟ್ಟದ ಮೇಲೆ ಉಭಯ ಪಕ್ಷಗಳ ಸೇನೆಗಳು ಕಾದಿದವು. ‘ದಿ ಗುಡ್ ಅರ್ತ್’ ಕಾದಂಬರಿಯ ಕರ್ತೃ ಪರ್ಲ್ ಬಕ್ 1892ರಲ್ಲಿ ಜನಿಸಿದ್ದು ಇಲ್ಲಿನ ಹಿಲ್ಸ್‌ಬರೋದಲ್ಲಿ, ತಾಯಿಯ ತವರುಮನೆಯಲ್ಲಿ. ಕೆಲವೇ ತಿಂಗಳ ಕೂಸಾಗಿ ಆಕೆಯೂ ಚೀನಾಕ್ಕೆ ತೆರಳಿದರು.

1901ರಿಂದ ಕ್ಯಾಸ್ ಎಂಬ ಹಳ್ಳಿಯ ರೈಲು ಬೆಟ್ಟವನ್ನೇರಿ ಸ್ಪ್ರೂಸ್ ದಿಮ್ಮಿಗಳನ್ನು ಕೆಳಗಿಳಿಸಿತು. ಕಾಡು ಬರಿದಾಯಿತು, 1960ರಲ್ಲಿ ಮರ ಕೊಯ್ಯುವ ಕಾರ್ಖಾನೆಯೂ ಮುಚ್ಚಿತು. ದುಡಿಮೆ ಕುಗ್ಗಿದಂತೆ ಜನರೂ ಚದುರಿದರು. 1920ರಲ್ಲಿ ಸುಮಾರು 15,000ದಷ್ಟಿದ್ದ ಜನಸಂಖ್ಯೆ 2020ರ ಗಣತಿಯಲ್ಲಿ 7,869ಕ್ಕೆ ಇಳಿದಿತ್ತು.

ಆದರೆ ಹಳಿಗಳು ವ್ಯರ್ಥವಾಗಲಿಲ್ಲ. 1963ರಲ್ಲಿ ಅದೇ ಮಾರ್ಗದ ಉಗಿಬಂಡಿ ಪ್ರವಾಸಿಗರನ್ನು ಹೊತ್ತು ಬೆಟ್ಟವೇರತೊಡಗಿತು. ನೆರೆಯ ಕೌಂಟಿಯಿಂದ ಕ್ಯಾಸ್‌ವರೆಗೆ ಗ್ರೀನ್‌ಬ್ರಯರ್ ನದಿಯ ದಡದಲ್ಲಿದ್ದ ಹಳೆಯ ರೈಲುಹಾದಿ ಇಂದು ನಡೆಯುವವರಿಗೂ ಸೈಕಲ್ ಸವಾರರಿಗೂ ಮೀಸಲಾದ, 78 ಮೈಲಿ ಉದ್ದದ ರಮ್ಯಪಥ. ಗ್ರೀನ್ ಬ್ಯಾಂಕಿನ ಬೃಹತ್ ರೇಡಿಯೋ ದೂರದರ್ಶಕ ನಕ್ಷತ್ರಲೋಕದ ಕ್ಷೀಣ ಸ್ವರಗಳನ್ನು ಆಲಿಸುತ್ತದೆ. ಅದಕ್ಕೆ ಅಡಚಣೆಯಾಗದಿರಲೆಂದು 1958ರಲ್ಲಿಯೇ ಸುತ್ತಲ ಪ್ರದೇಶವನ್ನು ರೇಡಿಯೋ ಮೌನವಲಯವೆಂದು ಘೋಷಿಸಲಾಯಿತು. ಊರವರು ದಶಕಗಳ ಕಾಲ ಮೊಬೈಲ್ ಸೌಕರ್ಯವಿಲ್ಲದೆಯೇ ಬಾಳಿದರು.

ಕಡಿದ ಕಾಡು ಮೊನೊಂಗಹೇಲಾ ರಾಷ್ಟ್ರೀಯ ಅರಣ್ಯದ ರಕ್ಷಣೆಯಲ್ಲಿ ಮತ್ತೆ ಚಿಗುರಿದೆ. ಮರಗಳು ಮರಳಿದವು, ಅತಿಥಿಗಳೂ ಬರುತ್ತಿದ್ದಾರೆ. ಊರು ಬಿಟ್ಟ ಮಕ್ಕಳು ಮರಳುವರೇ ಎಂಬುದೊಂದೇ ಈ ತವರಿನ ಚಿಂತೆ.